ಅಲೆಗಳ ಕೊಯ್ಲು: ಕಿರಿದರಲ್ಲಿರುವ ಸಾಧ್ಯತೆ



ನಾವು ಕುಳಿತಿರುವ ಈ ಸಭಾಂಗಣದ ಗಾಳಿಯಲ್ಲಿ ಮೊಬೈಲ್ ಗೋಪುರಗಳ, ಆಕಾಶವಾಣಿಯ, ವೈಫೈ ಪೆಟ್ಟಿಗೆಗಳ ರೇಡಿಯೊ ಅಲೆಗಳು ಹಗಲಿರುಳೂ ಹರಿಯುತ್ತಿವೆ. ಪ್ರತಿ ಅಲೆಯೂ ಸಂದೇಶದ ಜೊತೆಗೆ ಒಂದಿಷ್ಟು ಶಕ್ತಿಯನ್ನೂ ಹೊತ್ತಿರುತ್ತದೆ. ಅದರಲ್ಲಿ ಬಹುಪಾಲು ಯಾರ ಸಾಧನವನ್ನೂ ತಲುಪದೆ ಗೋಡೆ, ಮರ, ಮಣ್ಣುಗಳಲ್ಲಿ ಬಿಸಿಯಾಗಿ ಕರಗಿಹೋಗುತ್ತದೆ. ಹೀಗೆ ಕಳೆದುಹೋಗುವುದನ್ನು ಆಂಟೆನಾದಲ್ಲಿ ಹಿಡಿದು, ವಿದ್ಯುತ್ತಾಗಿ ಪರಿವರ್ತಿಸಿ, ನಮ್ಮ ಕೈಯಲ್ಲಿನ ಸಾಧನಗಳನ್ನು ನಡೆಸಬಾರದೇಕೆ ಎಂಬ ಪ್ರಶ್ನೆ ಸಹಜವಾದದ್ದು. ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಪ್ರಚಾರದಲ್ಲಿವೆ. ಇನ್ನು ಕೆಲವೇ ವರ್ಷಗಳಲ್ಲಿ ಫೋನುಗಳು ಗಾಳಿಯಿಂದಲೇ ಚಾರ್ಜ್ ಆಗುತ್ತವೆ ಎನ್ನುವುದು ಒಂದು. ಇದೆಲ್ಲ ಬರೀ ಭ್ರಮೆ ಎನ್ನುವುದು ಇನ್ನೊಂದು. ಎರಡೂ ಲೆಕ್ಕ ಮಾಡದೆ ಹೇಳಿದ ಮಾತುಗಳು. ನಾನು ಇಲ್ಲಿ ಮಂಡಿಸಬೇಕೆಂದಿರುವ ವಾದ ಇಷ್ಟು: ಗಾಳಿಯಲ್ಲಿರುವ ರೇಡಿಯೊ ಶಕ್ತಿಯಿಂದ ಇಂದಿನ ಫೋನು ತುಂಬುವುದಿಲ್ಲ, ನಾಳೆಯೂ ತುಂಬುವುದಿಲ್ಲ. ಆದರೆ ತೀರ ಕಡಿಮೆ ಶಕ್ತಿಯಲ್ಲಿ ಬದುಕಲು ಕಲಿತ ಸಾಧನಗಳಿಗೆ ಅದೇ ಶಕ್ತಿ ಸಾಕಾಗುತ್ತದೆ, ಮತ್ತು ಅಂಥ ಸಾಧನಗಳು ಈಗಾಗಲೇ ನಮ್ಮ ನಡುವೆ ಕೋಟಿಗಟ್ಟಲೆ ಇವೆ. ಆದ್ದರಿಂದ ಈ ಕ್ಷೇತ್ರದ ಭವಿಷ್ಯ ಹೆಚ್ಚು ಹಿಡಿಯುವುದರಲ್ಲಿಲ್ಲ, ಕಡಿಮೆ ಬಳಸುವುದರಲ್ಲಿದೆ.

ಮೊದಲು, ಅಲೆಯ ಮೂಲಕ ಸಂಜ್ಞೆ ಕಳುಹಿಸುವುದಕ್ಕೂ ಶಕ್ತಿ ಕಳುಹಿಸುವುದಕ್ಕೂ ಇರುವ ಅಂತರವನ್ನು ಸ್ಪಷ್ಟಪಡಿಸಿಕೊಳ್ಳಬೇಕು. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಟೌನ್ ಹಾಲಿನಲ್ಲಿ, ಗೋಡೆಗಳಾಚೆಗೆ ಅಲೆಯನ್ನು ಹಾಯಿಸಿ, ದೂರದಲ್ಲಿದ್ದ ಗಂಟೆಯನ್ನು ಬಾರಿಸಿದರು, ಮದ್ದನ್ನು ಸಿಡಿಸಿದರು. ಅಲ್ಲಿ ಅಲೆ ತಂದದ್ದು ಅಪ್ಪಣೆಯನ್ನು ಮಾತ್ರ. ಗಂಟೆ ಬಾರಿಸಿದ ಶಕ್ತಿ ಗಂಟೆಯ ಬಳಿಯಲ್ಲೇ ಕಾದಿತ್ತು. ಅಲೆಯ ಮೂಲಕ ಶಕ್ತಿಯನ್ನೇ ಸಾಗಿಸಬೇಕೆಂಬ ದೊಡ್ಡ ಹಂಬಲ ನಿಕೋಲಾ ಟೆಸ್ಲಾ ಅವರದು. 1901ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಅವರು ವಾರ್ಡನ್‌ಕ್ಲಿಫ್ ಗೋಪುರವನ್ನು ಕಟ್ಟತೊಡಗಿದರು. ಹಣ ಹೂಡಿದ್ದ ಜೆ.ಪಿ. ಮಾರ್ಗನ್ ಮತ್ತಷ್ಟು ಹಣ ಕೊಡಲೊಪ್ಪದೆ ಆ ಕೆಲಸ ನಿಂತಿತು. 1917ರಲ್ಲಿ ಗೋಪುರವನ್ನೇ ಕೆಡವಿದರು. ಅದೇ ಕಾಲದಲ್ಲಿ, 1902ರಲ್ಲಿ, ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯ ಮೇಲೆ ಸಾಗಿಸಿತು. ಅಲ್ಲಿ ಬಳಕೆಯಾದದ್ದು ಟೆಸ್ಲಾ ಅವರೇ ಬೆಳೆಸಿದ ಪರ್ಯಾಯ ವಿದ್ಯುತ್ತಿನ ತಂತ್ರ. ಒಬ್ಬನೇ ವಿಜ್ಞಾನಿಯ ಎರಡು ಯೋಚನೆಗಳಲ್ಲಿ ತಂತಿಯದು ಗೆದ್ದಿತು, ತಂತಿ ಇಲ್ಲದ್ದು ಸೋತಿತು. ಈ ಸೋಲಿಗೆ ಹಣದ ಕೊರತೆಯೊಂದೇ ಕಾರಣವಾಗಿರಲಿಲ್ಲ. ತಂತಿ ಶಕ್ತಿಯನ್ನು ಒಂದು ದಾರಿಗೆ ಕಟ್ಟಿಹಾಕುತ್ತದೆ. ಬಯಲಿಗೆ ಬಿಟ್ಟ ಅಲೆಗೆ ಅಂಥ ಕಟ್ಟು ಇಲ್ಲ.

ಎಲ್ಲ ದಿಕ್ಕಿಗೂ ಹೊರಟ ಅಲೆಯ ಶಕ್ತಿ, ದೂರ ಎರಡು ಪಟ್ಟಾದರೆ ನಾಲ್ಕನೆಯ ಒಂದಕ್ಕೆ, ಹತ್ತು ಪಟ್ಟಾದರೆ ನೂರನೆಯ ಒಂದಕ್ಕೆ ಇಳಿಯುತ್ತದೆ. ಒಂದೇ ಪ್ರಮಾಣದ ಶಕ್ತಿ ಹಿಗ್ಗುತ್ತ ಹೋಗುವ ಗೋಳದ ಮೈಮೇಲೆ ಹರಡಿಕೊಳ್ಳುತ್ತದಾದ್ದರಿಂದ ಇದು ಜ್ಯಾಮಿತಿಯ ನಿಯಮ. ಯಾವ ತಂತ್ರಜ್ಞಾನವೂ ಇದನ್ನು ರದ್ದುಮಾಡಲಾರದು. ದೊಡ್ಡ ಡಿಶ್ ಬಳಸಿ ಅಲೆಯನ್ನು ಕಿರಿದಾದ ಕಟ್ಟಾಗಿ ಕಳುಹಿಸಿದರೆ ಹರಡುವಿಕೆಯನ್ನು ತಗ್ಗಿಸಬಹುದು, ನಿಜ. ಅಮೆರಿಕದ ಎಂಜಿನಿಯರ್ ವಿಲಿಯಂ ಬ್ರೌನ್ ಇದನ್ನು ಮಾಡಿ ತೋರಿಸಿದರು. 1964ರಲ್ಲಿ ಅವರು ಮೈಕ್ರೋವೇವ್ ಶಕ್ತಿಯೊಂದರಿಂದಲೇ ಪುಟ್ಟ ಹೆಲಿಕಾಪ್ಟರೊಂದನ್ನು ಗಂಟೆಗಟ್ಟಲೆ ಹಾರಿಸಿದರು. 1975ರಲ್ಲಿ ಅವರ ತಂಡ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ದೂರಕ್ಕೆ ಶಕ್ತಿ ಕಳುಹಿಸಿ, ಆ ತುದಿಯಲ್ಲಿ 30 ಕಿಲೋವ್ಯಾಟ್‌ಗೂ ಹೆಚ್ಚು ವಿದ್ಯುತ್ ಪಡೆಯಿತು. ಆಂಟೆನಾ ಮತ್ತು ಡಯೋಡನ್ನು ಬೆಸೆದು ಅಲೆಯನ್ನು ನೇರ ವಿದ್ಯುತ್ತಾಗಿಸುವ ‘ರೆಕ್ಟೆನಾ’ ಅವರ ಕೊಡುಗೆ. ತನ್ನ ಮೇಲೆ ಬಿದ್ದ ಶಕ್ತಿಯಲ್ಲಿ ಶೇ 80ಕ್ಕೂ ಹೆಚ್ಚನ್ನು ಅದು ವಿದ್ಯುತ್ತಾಗಿ ಕೊಟ್ಟಿತು. ಆದರೆ ಆ ಪ್ರಯೋಗಕ್ಕೆ 26 ಮೀಟರ್ ಅಗಲದ ಡಿಶ್ ಬೇಕಾಯಿತು, ಜನರಿಲ್ಲದ ಮರುಭೂಮಿ ಬೇಕಾಯಿತು. ಜೇಬಿನಲ್ಲಿರುವ ಸಾಧನಕ್ಕೆ, ಜನ ಓಡಾಡುವ ಬೀದಿಯಲ್ಲಿ ಈ ಎರಡೂ ದಕ್ಕುವುದಿಲ್ಲ.

ಹಾಗಾದರೆ ಬೀದಿಯಲ್ಲಿ ದಕ್ಕುವುದೆಷ್ಟು? ಇದಕ್ಕೆ ಅಳತೆಯ ಆಧಾರವಿದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಆ ನಗರದ 270 ಸುರಂಗ ರೈಲು ನಿಲ್ದಾಣಗಳ ಹೊರಗೆ ನಿಂತು ಗಾಳಿಯಲ್ಲಿನ ರೇಡಿಯೊ ಶಕ್ತಿಯನ್ನು ಅಳೆದು 2013ರಲ್ಲಿ ಪ್ರಕಟಿಸಿದರು. 1800 ಮೆಗಾಹರ್ಟ್ಸ್‌ನ ಮೊಬೈಲ್ ಗೋಪುರಗಳಿಂದ ಚದರ ಸೆಂಟಿಮೀಟರಿಗೆ ಸರಾಸರಿ 84 ನ್ಯಾನೋವ್ಯಾಟ್, 900 ಮೆಗಾಹರ್ಟ್ಸ್‌ನವುಗಳಿಂದ 36 ನ್ಯಾನೋವ್ಯಾಟ್ ದೊರೆಯಿತು. ವೈಫೈನಿಂದ ಬಂದದ್ದು ಒಂದು ನ್ಯಾನೋವ್ಯಾಟಿಗೂ ಕಡಿಮೆ. ಒಂದು ನ್ಯಾನೋವ್ಯಾಟ್ ಎಂದರೆ ವ್ಯಾಟಿನ ನೂರು ಕೋಟಿಯಲ್ಲಿ ಒಂದು ಪಾಲು. ಧಾರಾಳವಾಗಿ ಎಲ್ಲ ಸೇರಿಸಿ 200 ನ್ಯಾನೋವ್ಯಾಟ್ ಎಂದೇ ಇಟ್ಟುಕೊಳ್ಳೋಣ. ಫೋನಿನ ಬೆನ್ನಿನ ವಿಸ್ತೀರ್ಣ ಸುಮಾರು 100 ಚದರ ಸೆಂಟಿಮೀಟರ್. ಅಲ್ಲಿ ಬಿದ್ದದ್ದರಲ್ಲಿ ಒಂದು ಕಣವೂ ನಷ್ಟವಾಗದೆ ಬ್ಯಾಟರಿಗೆ ಸೇರಿತೆಂದರೂ ಸಿಗುವುದು 20 ಮೈಕ್ರೋವ್ಯಾಟ್. 5000 ಎಂಎಎಚ್ ಬ್ಯಾಟರಿಯೊಂದು ಹಿಡಿಯುವ ಶಕ್ತಿ ಸುಮಾರು 19 ವ್ಯಾಟ್-ಗಂಟೆ. ಭಾಗಿಸಿ ನೋಡಿ: ಅದು ಒಮ್ಮೆ ತುಂಬಲು ನೂರು ವರ್ಷಕ್ಕೂ ಹೆಚ್ಚು ಬೇಕು. ಹೋಲಿಕೆಗೆ, ನಡುಹಗಲಿನ ಬಿಸಿಲು ಚದರ ಸೆಂಟಿಮೀಟರಿಗೆ ಸುಮಾರು 100 ಮಿಲಿವ್ಯಾಟ್ ಕೊಡುತ್ತದೆ, ಅಂದರೆ ಇದರ ಐದು ಲಕ್ಷ ಪಟ್ಟು. 2010ರಲ್ಲಿ ಲಾಸ್ ವೇಗಾಸ್‌ನ ಪ್ರದರ್ಶನವೊಂದರಲ್ಲಿ, ವೈಫೈ ಅಲೆಗಳಿಂದಲೇ ಫೋನ್ ಚಾರ್ಜ್ ಮಾಡುತ್ತದೆಂದು ಹೇಳಿಕೊಂಡ ‘ಏರ್ನರ್ಜಿ’ ಎಂಬ ಸಾಧನ ಕಾಣಿಸಿಕೊಂಡು ಬಹಳ ಸುದ್ದಿ ಮಾಡಿತು. ಮಾರುಕಟ್ಟೆಗೆ ಮಾತ್ರ ಅದು ಬರಲಿಲ್ಲ. ಮೇಲಿನ ಭಾಗಾಕಾರ ಗೊತ್ತಿದ್ದವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಇಲ್ಲಿ ಏಳುವ ಮೊದಲ ಆಕ್ಷೇಪ: ತಂತ್ರಜ್ಞಾನ ಬೆಳೆಯುತ್ತಲೇ ಇರುತ್ತದೆ, ಇಂದು ಆಗದ್ದು ನಾಳೆ ಆಗಬಹುದಲ್ಲವೆ? ಬೆಳೆಯುವುದು ನಿಜ, ಬೆಳೆಯಲು ಜಾಗವೂ ಇದೆ. ಅಲೆಯನ್ನು ನೇರ ವಿದ್ಯುತ್ತಾಗಿಸುವ ಡಯೋಡ್ ತೆರೆದುಕೊಳ್ಳಬೇಕಾದರೆ ಒಂದಿಷ್ಟು ವೋಲ್ಟೇಜ್ ಬೇಕು. ಕ್ಷೀಣ ಅಲೆಯಿಂದ ಬರುವ ವೋಲ್ಟೇಜ್ ಅದಕ್ಕೂ ಕಡಿಮೆಯಾದಾಗ ಹಿಡಿದ ಶಕ್ತಿಯಲ್ಲಿ ಬಹುಪಾಲು ಅಲ್ಲೇ ಸೋರಿಹೋಗುತ್ತದೆ. ಗೋಲ್ಡ್‌ಸ್ಟೋನ್‌ನ ಶೇ 80ರ ದಕ್ಷತೆ ಮೈಕ್ರೋವ್ಯಾಟಿನ ಲೋಕದಲ್ಲಿ ಕಾಣಸಿಗದಿರುವುದಕ್ಕೆ ಇದೇ ಕಾರಣ. ಉತ್ತಮ ಡಯೋಡುಗಳು, ಹಲವು ಆವರ್ತನಗಳನ್ನು ಒಟ್ಟಿಗೆ ಹಿಡಿಯುವ ಆಂಟೆನಾಗಳು ಈ ಸೋರಿಕೆಯನ್ನು ತಗ್ಗಿಸುತ್ತವೆ, ತಗ್ಗಿಸಬೇಕು. ಆದರೆ ಮೇಲಿನ ನೂರು ವರ್ಷದ ಲೆಕ್ಕವನ್ನು ನಾನು ಮಾಡಿದ್ದೇ ಸೋರಿಕೆ ಸೊನ್ನೆ ಎಂದುಕೊಂಡು. ಪರಿಪೂರ್ಣ ಸಾಧನಕ್ಕೂ ಅದರ ಮೇಲೆ ಬಿದ್ದಷ್ಟೇ ಶಕ್ತಿ ಸಿಗುತ್ತದೆ. ಇಲ್ಲಿ ಅಡ್ಡವಾಗಿರುವುದು ಹಿಡಿಯುವ ಜಾಣ್ಮೆಯ ಕೊರತೆಯಲ್ಲ, ಬೀಳುವುದರ ಕೊರತೆ.

ಬೀಳುವುದನ್ನೇ ಹೆಚ್ಚಿಸೋಣ, ಗೋಪುರಗಳ ಶಕ್ತಿಯನ್ನು ಏರಿಸೋಣ ಎನ್ನುವುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ ಆರೋಗ್ಯದ ಮಿತಿಗಳಲ್ಲಿದೆ. ಜನ ಓಡಾಡುವ ಜಾಗದಲ್ಲಿ ರೇಡಿಯೊ ಅಲೆಯ ತೀವ್ರತೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿ 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 4.5 ವ್ಯಾಟ್ ಎಂಬ ಗಡಿ ಹಾಕಿದೆ. ಮೊಬೈಲ್ ಗೋಪುರಗಳಿಗೆ ಸಂಬಂಧಿಸಿದಂತೆ ಭಾರತ 2012ರಲ್ಲಿ ಅದನ್ನು ಹತ್ತರಲ್ಲೊಂದು ಪಾಲಿಗೆ, ಅಂದರೆ 0.45 ವ್ಯಾಟಿಗೆ ಇಳಿಸಿತು. ಇಡೀ ಊರನ್ನು ಈ ಭಾರತೀಯ ಗಡಿಯ ತುತ್ತತುದಿಗೆ ಏರಿಸಿದೆವೆಂದೇ ಊಹಿಸಿ. ಆಗಲೂ ಫೋನಿನ ಬೆನ್ನಿಗೆ ಬೀಳುವುದು ನಾಲ್ಕೂವರೆ ಮಿಲಿವ್ಯಾಟ್, ಬ್ಯಾಟರಿ ತುಂಬಲು ಹೆಚ್ಚುಕಡಿಮೆ ಆರು ತಿಂಗಳು. ಅಂತರರಾಷ್ಟ್ರೀಯ ಗಡಿಯನ್ನೇ ಒಪ್ಪಿಕೊಂಡರೂ ಎರಡೂವರೆ ವಾರ. ಅಷ್ಟರಲ್ಲಿ ಫೋನು ತನ್ನ ದಿನದ ಬಳಕೆಯಲ್ಲೇ ಹತ್ತಾರು ಸಲ ಬರಿದಾಗಿರುತ್ತದೆ. ಒಂದು ಫೋನಿಗಾಗಿ ಇಡೀ ಊರಿನ ಮಕ್ಕಳು, ಬಸುರಿಯರು, ರೋಗಿಗಳೆಲ್ಲ ಹಗಲಿರುಳು ಆ ತೀವ್ರತೆಯಲ್ಲಿ ಬದುಕಬೇಕೆಂದು ಕೇಳಲು ಯಾವ ಎಂಜಿನಿಯರನಿಗೂ ಹಕ್ಕಿಲ್ಲ.

ಅಂಗಡಿಗಳಲ್ಲಿ ‘ವೈರ್‌ಲೆಸ್ ಚಾರ್ಜರ್’ ಸಿಗುತ್ತಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಅದು ಬೇರೆಯದೇ ತತ್ತ್ವ. 2008ರಲ್ಲಿ ಹುಟ್ಟಿದ ಉದ್ಯಮ ಒಕ್ಕೂಟವೊಂದು ರೂಪಿಸಿದ ‘ಚಿ’ ಮಾನದಂಡದ ಚಾರ್ಜರುಗಳಲ್ಲಿ ಒಂದು ತಂತಿಸುರುಳಿಯ ಕಾಂತಕ್ಷೇತ್ರ ಪಕ್ಕದ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ಎರಡರ ನಡುವೆ ಕೆಲವು ಮಿಲಿಮೀಟರ್ ಅಂತರವಿದ್ದರೆ ಮಾತ್ರ ಅದು ಚೆನ್ನಾಗಿ ನಡೆಯುತ್ತದೆ. 2007ರಲ್ಲಿ ಎಂಐಟಿಯ ಮರಿನ್ ಸೊಲ್ಯಾಚಿಚ್ ಅವರ ತಂಡ ಒಂದೇ ಆವರ್ತನಕ್ಕೆ ಶ್ರುತಿಗೂಡಿಸಿದ ಸುರುಳಿಗಳಿಂದ ಎರಡು ಮೀಟರ್ ದೂರದ 60 ವ್ಯಾಟ್ ಬಲ್ಬನ್ನು ಸುಮಾರು ಶೇ 40ರ ದಕ್ಷತೆಯಲ್ಲಿ ಉರಿಸಿ ಈ ಅಂತರವನ್ನು ಹಿಗ್ಗಿಸಿತು. ಅದಕ್ಕೂ ಆಳೆತ್ತರದ ಅರ್ಧಕ್ಕಿಂತ ಚಿಕ್ಕದಾದರೂ ಜೇಬಿಗೆ ಹಿಡಿಯದ ಸುರುಳಿಗಳೇ ಬೇಕಾದವು. ಹತ್ತಿರದ ಈ ಕಾಂತಕ್ಷೇತ್ರದ ವಿಧಾನ ತನ್ನ ಎಲ್ಲೆಯೊಳಗೆ ಅಮೂಲ್ಯವಾದದ್ದು. ಹುಟ್ಟು ಕಿವುಡಿನ ಮಗುವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟನ್ನೇ ನೋಡಿ. ಚರ್ಮದ ಒಳಗಿನ ಭಾಗಕ್ಕೆ ಬ್ಯಾಟರಿಯಿಲ್ಲ. ಹೊರಗೆ ತಲೆಗೆ ಅಂಟಿಕೊಂಡ ಸುರುಳಿ ಚರ್ಮವನ್ನು ಹಾಯ್ದು ಶಕ್ತಿಯನ್ನೂ ಸದ್ದನ್ನೂ ಒಟ್ಟಿಗೆ ಕಳುಹಿಸುತ್ತದೆ. ಬ್ಯಾಟರಿ ಬದಲಿಸಲೆಂದು ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡುವ ಪ್ರಸಂಗವೇ ಬರುವುದಿಲ್ಲ. ನಿಸ್ತಂತು ಶಕ್ತಿ ನಿಜವಾಗಿ ಎಲ್ಲಿ ಬೇಕು ಎನ್ನುವುದನ್ನು ಈ ಉದಾಹರಣೆ ಹೇಳುತ್ತದೆ: ತಂತಿ ಹೋಗಲಾರದ, ಕೈ ಮತ್ತೆ ಮುಟ್ಟಲಾಗದ ಜಾಗಗಳಲ್ಲಿ.

ಈಗ ನನ್ನ ವಾದದ ಎರಡನೆಯ ಅರ್ಧಕ್ಕೆ ಬರುತ್ತೇನೆ. ಇಬ್ಬನಿಯಿಂದ ಕೆರೆ ತುಂಬುವುದಿಲ್ಲ, ಆದರೆ ಹಿಂಗಾರಿನ ಕಡಲೆ ಗಿಡಕ್ಕೆ ಇಬ್ಬನಿಯೂ ಒಂದು ಆಸರೆ. ಬೇಡಿಕೆಯನ್ನು ಮೈಕ್ರೋವ್ಯಾಟಿಗೆ ಇಳಿಸಿದರೆ ಗಾಳಿಯಲ್ಲಿರುವುದು ಬಡತನವಾಗಿ ಕಾಣುವುದಿಲ್ಲ. 2009ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಅಲನ್ಸನ್ ಸ್ಯಾಂಪಲ್ ಮತ್ತು ಜೋಶುವಾ ಸ್ಮಿತ್ ಎಂಬ ಸಂಶೋಧಕರು ನಾಲ್ಕು ಕಿಲೋಮೀಟರ್ ದೂರದ ಟಿ.ವಿ. ಗೋಪುರದ ಅಲೆಯಿಂದ 60 ಮೈಕ್ರೋವ್ಯಾಟ್ ಪಡೆದು, ತಾಪ ಮತ್ತು ತೇವ ತೋರಿಸುವ ಪುಟ್ಟ ಮಾಪಕವನ್ನು ಅದರ ಪರದೆಯ ಸಮೇತ ನಡೆಸಿದರು. ನಮ್ಮ ಹೆದ್ದಾರಿಗಳಲ್ಲಿ ಇದಕ್ಕಿಂತ ದೊಡ್ಡ ಸಾಕ್ಷ್ಯವಿದೆ. 2021ರ ಫೆಬ್ರುವರಿಯಿಂದ ಟೋಲ್ ಗೇಟುಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಚೀಟಿಯಲ್ಲಿ ಬ್ಯಾಟರಿ ಇಲ್ಲ. ಗೇಟಿನ ಮೇಲಿನ ಯಂತ್ರ 865 ಮೆಗಾಹರ್ಟ್ಸ್‌ನ ಆಸುಪಾಸಿನ ಅಲೆಯನ್ನು ಕಳುಹಿಸುತ್ತದೆ. ಗಾಜಿಗಂಟಿದ ಚೀಟಿಯ ಆಂಟೆನಾ ಅದರಲ್ಲಿ ಕೆಲವು ಮೈಕ್ರೋವ್ಯಾಟುಗಳನ್ನು ಹಿಡಿಯುತ್ತದೆ. ಚಿಪ್ ಎಚ್ಚೆತ್ತು ವಾಹನದ ಗುರುತನ್ನು ಹೇಳಿ ಮತ್ತೆ ಮಲಗುತ್ತದೆ. ಬೆಂಗಳೂರಿನ ನಮ್ಮ ಮೆಟ್ರೊ ನಿಲ್ದಾಣದಲ್ಲಿ ಗೇಟಿಗೆ ಮುಟ್ಟಿಸುವ ಸ್ಮಾರ್ಟ್ ಕಾರ್ಡಿಗೂ ಸ್ವಂತ ಶಕ್ತಿಯಿಲ್ಲ. ಗೇಟಿನ ಸುರುಳಿಯಿಂದ ಅದು ಕ್ಷಣಮಾತ್ರದ ಶಕ್ತಿಯನ್ನು ಎರವಲು ಪಡೆಯುತ್ತದೆ. ಹಾಗೆ ನೋಡಿದರೆ ನಿಸ್ತಂತು ಶಕ್ತಿಯಿಂದ ನಡೆಯುವ ಸಾಧನವನ್ನು ಈ ರಾಜ್ಯದ ಲಕ್ಷಾಂತರ ಜನ ದಿನವೂ ಬಳಸುತ್ತಿದ್ದಾರೆ.

ಫಾಸ್ಟ್ಯಾಗ್ ಚೀಟಿ ಇಷ್ಟು ಮಿತವ್ಯಯಿ ಹೇಗಾಯಿತು? ಅದು ತನ್ನದೇ ಅಲೆಯನ್ನು ಹುಟ್ಟಿಸುವುದಿಲ್ಲ. ತನ್ನ ಮೇಲೆ ಬಿದ್ದ ಅಲೆಯನ್ನು ಒಮ್ಮೆ ಹೀರಿ, ಒಮ್ಮೆ ಮರಳಿಸಿ, ಆ ಏರಿಳಿತದಲ್ಲೇ ಮಾತನಾಡುತ್ತದೆ. ಪ್ರತಿಫಲಿಸಿದ ಶಕ್ತಿಯಿಂದ ಸಂವಹನ ನಡೆಸುವ ಈ ವಿಚಾರವನ್ನು ಹ್ಯಾರಿ ಸ್ಟಾಕ್‌ಮನ್ 1948ರಲ್ಲೇ ಬರೆದಿಟ್ಟಿದ್ದರು. ಅಲೆ ಹುಟ್ಟಿಸುವುದೇ ರೇಡಿಯೊದಲ್ಲಿ ದುಬಾರಿ ಕೆಲಸ. ಅದನ್ನು ಬಿಟ್ಟುಕೊಟ್ಟರೆ ಖರ್ಚು ಸಾವಿರಾರು ಪಟ್ಟು ಇಳಿಯುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಶ್ಯಾಮ್ ಗೊಲ್ಲಕೋಟ, ಜೋಶುವಾ ಸ್ಮಿತ್ ಮತ್ತು ಅವರ ಸಂಗಡಿಗರು 2013ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಗೇಟಿನ ಯಂತ್ರವೂ ಬೇಡವೆಂದು, ಗಾಳಿಯಲ್ಲಿ ಮೊದಲೇ ಇದ್ದ ಟಿ.ವಿ. ಅಲೆಯನ್ನೇ ಪ್ರತಿಫಲಿಸುತ್ತ ಎರಡು ಬ್ಯಾಟರಿರಹಿತ ಸಾಧನಗಳು ಪರಸ್ಪರ ಮಾತನಾಡುವಂತೆ ಮಾಡಿದರು. 2017ರಲ್ಲಿ ಅದೇ ವಿಶ್ವವಿದ್ಯಾಲಯದವರು ಬ್ಯಾಟರಿಯಿಲ್ಲದ ಫೋನೊಂದನ್ನು ಕಟ್ಟಿದರು. ಮೂರೂವರೆ ಮೈಕ್ರೋವ್ಯಾಟಿನಲ್ಲಿ, ಸುಮಾರು ಒಂಬತ್ತು ಮೀಟರ್ ದೂರದ ನೆಲೆಯ ಸಹಾಯದಿಂದ ಅದು ಕರೆ ಮಾಡಿತು. ಧ್ವನಿಯ ಕಂಪನವೇ ನೇರವಾಗಿ ಪ್ರತಿಫಲನವನ್ನು ಬದಲಿಸುವಂತೆ ರೂಪಿಸಿದ್ದರಿಂದ, ಧ್ವನಿಯನ್ನು ಅಂಕಿಗಳಾಗಿಸುವ ಖರ್ಚೂ ಉಳಿಯಿತು. ಅದರಲ್ಲಿ ಚಿತ್ರ ತೋರಿಸುವ ಪರದೆಯಿಲ್ಲ, ಕ್ಯಾಮೆರಾ ಇಲ್ಲ. ಅದು ನಮ್ಮ ಕೈಯಲ್ಲಿರುವ ಫೋನಿಗೆ ಬದಲಿಯಲ್ಲ. ಆದರೆ ಒಂದು ಕೆಲಸವನ್ನು ಬುಡದಿಂದ ಮತ್ತೆ ಯೋಚಿಸಿದರೆ ಶಕ್ತಿಯ ಬೇಡಿಕೆ ಎಷ್ಟು ಕೆಳಗಿಳಿಯಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ಶಕ್ತಿ ಬಂದಾಗ ದುಡಿದು, ಹೋದಾಗ ಎಲ್ಲಿಗೆ ನಿಲ್ಲಿಸಿದೆನೆಂದು ನೆನಪಿಟ್ಟುಕೊಂಡು, ಮತ್ತೆ ಬಂದಾಗ ಅಲ್ಲಿಂದಲೇ ಮುಂದುವರಿಯುವ ಗಣನೆಯ ವಿಧಾನಗಳೂ ಇದೇ ಯೋಚನೆಯ ಮುಂದುವರಿಕೆ.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ಕೋಣೆಯೊಳಗಿನ ಬೆಳಕಿನಿಂದಲೇ ಸೌರಕೋಶಗಳು ಇದಕ್ಕಿಂತ ಹೆಚ್ಚು ವಿದ್ಯುತ್ ಕೊಡುವಾಗ ರೇಡಿಯೊ ಅಲೆಯೇ ಏಕೆ? ಇದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಬೆಳಕಿರುವಲ್ಲಿ ಬೆಳಕನ್ನೇ ಬಳಸಬೇಕು. ಸ್ಯಾಮ್‌ಸಂಗ್ 2022ರಲ್ಲಿ ತೋರಿಸಿದ ಟಿ.ವಿ. ರಿಮೋಟ್ ಮುಖ್ಯವಾಗಿ ಬೆಳಕಿನಿಂದಲೂ ಜೊತೆಗೆ ವೈಫೈ ಅಲೆಗಳಿಂದಲೂ ಶಕ್ತಿ ಪಡೆಯುವಂತೆ ರೂಪಿತವಾಗಿರುವುದು ವಿವೇಕದ ವಿನ್ಯಾಸ. ರೇಡಿಯೊ ಅಲೆಯ ನಿಜವಾದ ಜಾಗ ಬೆಳಕು ಹೋಗದಲ್ಲಿ: ಸೇತುವೆಯ ಕಾಂಕ್ರೀಟಿನೊಳಗೆ, ಧಾನ್ಯದ ಮೂಟೆಯ ನಡುವೆ, ಔಷಧದ ಶೀತಪೆಟ್ಟಿಗೆಯಲ್ಲಿ, ದೇಹದೊಳಗೆ. ಅಂಥಲ್ಲಿ ಬೇಕೆಂದೇ ಒಂದು ಅಲೆಯನ್ನು ಕಳುಹಿಸಬೇಕಾಗುತ್ತದೆ, ಮತ್ತು ಕಳುಹಿಸಿದ ಒಂದು ವ್ಯಾಟಿನಲ್ಲಿ ತಲುಪುವುದು ವ್ಯಾಟಿನ ಸಾವಿರದ, ಹತ್ತು ಸಾವಿರದ ಒಂದು ಪಾಲು. ಇದು ದುಂದಲ್ಲವೆ? ಶಕ್ತಿಯೊಂದನ್ನೇ ತೂಗಿದರೆ ದುಂದೇ ಹೌದು, ಅದನ್ನು ಮುಚ್ಚಿಡಬಾರದು. ಆದರೆ ತಕ್ಕಡಿಯ ಇನ್ನೊಂದು ಬದಿಯಲ್ಲಿ ಬ್ಯಾಟರಿಯಿದೆ. ಮೂರು ವರ್ಷ ಬಾಳುವ ಬ್ಯಾಟರಿಯ ಸಾವಿರ ಸಂವೇದಕಗಳನ್ನು ಒಂದು ಕಟ್ಟಡದಲ್ಲಿ ಕೂರಿಸಿದರೆ, ಸರಾಸರಿ ದಿನಕ್ಕೊಂದರಂತೆ ಯಾರಾದರೂ ಬ್ಯಾಟರಿ ಬದಲಿಸುತ್ತಲೇ ಇರಬೇಕು. ಅಷ್ಟು ಹಳೆಯ ಬ್ಯಾಟರಿಗಳು ಎಲ್ಲಿಗಾದರೂ ಹೋಗಬೇಕು. ಬಳಸಿದ ಬ್ಯಾಟರಿಗಳ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ನಿಯಮಗಳನ್ನು ಭಾರತ 2022ರಲ್ಲಿ ತಂದಿತು. ಹುಟ್ಟದೇ ಇರುವ ತ್ಯಾಜ್ಯ ಯಾವ ನಿಯಮವೂ ಕೊಡಲಾರದ ಪರಿಹಾರ. ಬೇಕಾದಾಗ ಮಾತ್ರ, ಕೆಲವೇ ಕ್ಷಣ, ನೂರಾರು ಸಂವೇದಕಗಳಿಗೆ ಒಟ್ಟಿಗೆ ಕಳುಹಿಸುವ ಅಲೆಯಾದರೆ ಈ ತಕ್ಕಡಿ ಅದರ ಕಡೆಗೇ ವಾಲುತ್ತದೆ. ದಿನವಿಡೀ ಸುಮ್ಮನೆ ಸುರಿಯುವ ಅಲೆಗೆ ಆ ಸಮರ್ಥನೆಯಿಲ್ಲ.

ಕೊನೆಯ ಆಕ್ಷೇಪ ನೀತಿಯದು, ಅದಕ್ಕೆ ಚರಿತ್ರೆಯ ಬಲವೂ ಇದೆ. 1945ರಲ್ಲಿ ಸೋವಿಯತ್ ಮಕ್ಕಳು ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಮರದಲ್ಲಿ ಕೆತ್ತಿದ ಲಾಂಛನವೊಂದನ್ನು ಉಡುಗೊರೆ ಕೊಟ್ಟರು. ಅದರೊಳಗೆ ಲಿಯೋನ್ ಥೆರೆಮಿನ್ ರೂಪಿಸಿದ ಕದ್ದಾಲಿಸುವ ಸಾಧನವಿತ್ತು. ಬ್ಯಾಟರಿಯಿಲ್ಲ, ತಂತಿಯಿಲ್ಲ. ಹೊರಗಿನಿಂದ ಅಲೆ ಬಂದಾಗ ಮಾತ್ರ ಅದು ಜೀವ ತಳೆಯುತ್ತಿತ್ತು. ಆದ್ದರಿಂದಲೇ 1952ರವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ. ಬ್ಯಾಟರಿಯಿಲ್ಲದ ಸಾಧನ ತಾನಾಗಿ ಸಾಯುವುದಿಲ್ಲ. ಬಟ್ಟೆಯಲ್ಲಿ, ಪುಸ್ತಕದಲ್ಲಿ, ಔಷಧದ ಡಬ್ಬಿಯಲ್ಲಿ ಸೇರಿಕೊಂಡ ಚೀಟಿ ಮಾರಾಟವಾದ ಮೇಲೂ ಕೇಳಿದವರಿಗೆಲ್ಲ ಉತ್ತರ ಹೇಳುತ್ತಿರಬಹುದು. ಇದು ಹುಸಿ ಭಯವಲ್ಲ. ಇದಕ್ಕೆ ಉತ್ತರ ತಂತ್ರಜ್ಞಾನವನ್ನು ತಡೆಯುವುದರಲ್ಲಿಲ್ಲ, ಅದರ ನಿಯಮವನ್ನು ಮೊದಲೇ ಬರೆಯುವುದರಲ್ಲಿದೆ. ಖರೀದಿಸಿದವನು ಚೀಟಿಯನ್ನು ಶಾಶ್ವತವಾಗಿ ಆರಿಸಲು ಸಾಧ್ಯವಿರಬೇಕು. ಗುರುತಿಲ್ಲದ ಯಂತ್ರ ಕೇಳಿದರೆ ಚೀಟಿ ಬಾಯಿ ಬಿಡಬಾರದು. ಮೊಬೈಲ್ ಜಾಲಗಳ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಕೂಟವಾದ 3ಜಿಪಿಪಿ ಈಗ ಸುತ್ತಲಿನ ಅಲೆಗಳ ಶಕ್ತಿಯಿಂದ ನಡೆಯುವ ಸಾಧನಗಳಿಗೂ ಮಾನದಂಡ ಬರೆಯುತ್ತಿದೆ. ಭಾರತದ ದನಿ ಅಲ್ಲಿ ಕೇಳಿಸಬೇಕಾದದ್ದು ಈಗ, ಸಾಧನಗಳು ಮನೆಮನೆಗೆ ಬಂದ ಮೇಲಲ್ಲ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಪುಟ್ಟ ಚೀಟಿಗಳು ಹೇಳುವ ಮಾತೂ ಅದರ ಕಣ್ಗಾವಲಿನಲ್ಲಿರಬೇಕು.

ಇದಿಷ್ಟರಿಂದ ಹೊರಡುವ ಕರ್ತವ್ಯಗಳು ಸ್ಪಷ್ಟವಾಗಿವೆ. ಗಾಳಿಯಿಂದ ಚಾರ್ಜ್ ಆಗುವ ಸಾಧನವೆಂದು ಯಾರೇ ಹೇಳಿಕೊಂಡು ಬರಲಿ, ಅವರಿಗೆ ನಾಲ್ಕು ಪ್ರಶ್ನೆ ಕೇಳಿ. ಅಲೆ ಕಳುಹಿಸುವವರು ಯಾರು, ಎಷ್ಟು ಶಕ್ತಿಯಲ್ಲಿ? ದೂರ ಎಷ್ಟು? ಸಾಧನದ ತುದಿಯಲ್ಲಿ ಸರಾಸರಿ ದೊರೆಯುವ ಮೈಕ್ರೋವ್ಯಾಟ್ ಎಷ್ಟು? ಸಾಧನದ ಸರಾಸರಿ ಖರ್ಚೆಷ್ಟು? ಸರ್ಕಾರದ ಟೆಂಡರುಗಳಲ್ಲಿ, ಹೂಡಿಕೆದಾರರ ಸಭೆಗಳಲ್ಲಿ, ಪತ್ರಿಕೆಯ ವಿಜ್ಞಾನ ಪುಟಗಳಲ್ಲಿ ಈ ನಾಲ್ಕು ಅಂಕಿಗಳಿಲ್ಲದ ಮಾತಿಗೆ ಬೆಲೆ ಕೊಡಬಾರದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಷವರ್ಷವೂ ಗಾಳಿಯಿಂದ ಫೋನ್ ಚಾರ್ಜ್ ಮಾಡುವ ಪ್ರಾಜೆಕ್ಟಿಗೆ ಇಳಿಯುವ ಜಾಣ ಮಕ್ಕಳಿಗೆ, ಹತ್ತು ಮೈಕ್ರೋವ್ಯಾಟಿನಲ್ಲಿ ನಡೆಯುವ ಉಪಯುಕ್ತ ಸಾಧನವೊಂದನ್ನು ಕಟ್ಟಿ ಎಂಬ ಸವಾಲನ್ನು ಕೊಟ್ಟು ನೋಡಬೇಕು. ಅದು ಮೊದಲಿನದಕ್ಕಿಂತ ಕಷ್ಟದ್ದು, ಪ್ರಾಮಾಣಿಕವಾದದ್ದು, ಈ ದೇಶದ ಉಗ್ರಾಣಗಳಿಗೆ, ಸೇತುವೆಗಳಿಗೆ, ಆಸ್ಪತ್ರೆಗಳಿಗೆ ಬೇಕಾದದ್ದು. ಕಳೆದ ಶತಮಾನದ ವಿದ್ಯುತ್ ಎಂಜಿನಿಯರಿಂಗ್ ಹೆಚ್ಚು ಶಕ್ತಿಯನ್ನು ಹೆಚ್ಚು ದೂರಕ್ಕೆ ಮುಟ್ಟಿಸುವುದನ್ನು ಸಾಧನೆ ಎಂದಿತು, ಆ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಇನ್ನು ಮುಂದೆ, ಒಂದು ಕೆಲಸವನ್ನು ಎಷ್ಟು ಕಡಿಮೆ ಶಕ್ತಿಯಲ್ಲಿ ಮಾಡಿ ಮುಗಿಸಿದೆವು ಎನ್ನುವುದೂ ಸಾಧನೆಯ ಅಳತೆಯಾಗಬೇಕು. ನಮ್ಮ ಕಾಲೇಜುಗಳು ಅಂಕ ಕೊಡುವಾಗ, ಸಂಸ್ಥೆಗಳು ಅನುದಾನ ಕೊಡುವಾಗ ಈ ಅಳತೆಗೋಲನ್ನು ಕೈಗೆತ್ತಿಕೊಳ್ಳಲಿ ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.